ವೇಗಮಾಪಕದ ಮುಳ್ಳು ನಿಂತಾಗ

ತಂದೆಯೋ ಅಜ್ಜನೋ ಕೊಂಡ ಮೋಟಾರು ಗಾಡಿಯನ್ನು ಇಂದಿಗೂ ಮನೆಯಲ್ಲಿ ಉಳಿಸಿಕೊಂಡಿರುವ ಗೃಹಸ್ಥರು ನಮ್ಮ ಸೀಮೆಯಲ್ಲಿ ಅಲ್ಲಲ್ಲಿ ಇದ್ದಾರೆ. ಬ್ರಹ್ಮಾವರದಿಂದ ಬೈಂದೂರಿನವರೆಗೆ ಹೆದ್ದಾರಿಯ ಎರಡು ಪಕ್ಕದ ಊರುಗಳಲ್ಲಿ, ಮನೆಯ ಪಕ್ಕದ ಮಾಡಿನ ಕೆಳಗೆ ಹೊದಿಕೆ ಹೊದ್ದು ನಿಂತಿರುವ ಇಂಥ ಗಾಡಿಗಳು ಜಾತ್ರೆಗೋ ಮದುವೆಗೋ ವರ್ಷದಲ್ಲಿ ನಾಲ್ಕಾರು ಬಾರಿ ಹೊರಗೆ ಬರುತ್ತವೆ. ಇವುಗಳಲ್ಲಿ ಬಹುಬೇಗನೆ ಕೆಡುವ ಅವಯವಗಳಲ್ಲಿ ವೇಗಮಾಪಕ, ಅಂದರೆ ಎಲ್ಲರೂ ಮೀಟರ್ ಎಂದು ಕರೆಯುವ ಸ್ಪೀಡೋಮೀಟರ್, ಒಂದು. ಬ್ರೇಕು ಕೆಟ್ಟರೆ ಗಾಡಿಯನ್ನು ಹೊರಡಿಸುವವರಿಲ್ಲ. ಮೀಟರ್ ಕೆಟ್ಟರೆ ಗಾಡಿ ಓಡುತ್ತಲೇ ಇರುತ್ತದೆ. ಆದಕಾರಣವೇ ಅದರ ವಿಷಯದಲ್ಲಿ ಅಲಕ್ಷ್ಯವು ಹೆಚ್ಚು. ಈ ತಿಂಗಳು ಅದನ್ನೇ ವಿಚಾರಿಸೋಣ.

“ಮೂವತ್ತು ವರ್ಷ ಗಾಡಿ ಬಿಟ್ಟವನಿಗೆ ಮುಳ್ಳು ಯಾತಕ್ಕೆ? ಎಂಜಿನಿನ ಸದ್ದಿನಿಂದಲೇ ವೇಗ ತಿಳಿಯುವುದಿಲ್ಲವೇ?” ಎಂದು ಕೇಳುವವರುಂಟು. ತಿಳಿಯುವುದಿಲ್ಲವೆಂದೇ ನನ್ನ ಉತ್ತರ. ದೋಣಿಯಲ್ಲಿ ಕುಳಿತು ಮುಂದೆ ಸಾಗುವವನಿಗೆ ದಡದ ಮೇಲಿನ ಅಚಲ ವಸ್ತುಗಳು ಹಿಂದೆ ಸಾಗುವಂತೆ ತೋರುತ್ತವೆಂದು ಆರ್ಯಭಟನು ದೃಷ್ಟಾಂತ ಕೊಟ್ಟಿದ್ದಾನೆ. ನಮ್ಮ ಕಣ್ಣಿಗೆ ವೇಗದ ಅರಿವು ಹುಟ್ಟುವುದೇ ಹೀಗೆ, ಹತ್ತಿರದ ಮರ, ಕಂಬ, ಗೋಡೆಗಳು ಹಿಂದೆ ಸರಿಯುವುದರಿಂದ. ಮರವಂತೆಯಲ್ಲಿ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ. ನಡುವೆ ನೇರವಾದ ನಾಲ್ಕು ಪಥದ ದಾರಿ. ಅಲ್ಲಿ ದೃಷ್ಟಿಗೆ ಅಳತೆಗೋಲಾಗುವ ವಸ್ತುವೇ ಕಡಿಮೆ. ಎಂಬತ್ತರಲ್ಲಿ ಹೋಗುವವನು ತಾನು ಐವತ್ತರಲ್ಲಿದ್ದೇನೆಂದು ಭ್ರಮಿಸಿದರೆ ಆಶ್ಚರ್ಯವಿಲ್ಲ. ವೇಗವು ಇಮ್ಮಡಿಯಾದರೆ ಗಾಡಿಯನ್ನು ನಿಲ್ಲಿಸಲು ಬ್ರೇಕು ಹೀರಿಕೊಳ್ಳಬೇಕಾದ ಶಕ್ತಿಯು ನಾಲ್ಮಡಿಯಾಗುತ್ತದೆ. ಹಳೆಯ ಡ್ರಮ್ ಬ್ರೇಕಿನ ಗಾಡಿಯು ಎಂಬತ್ತರ ವೇಗದಲ್ಲಿ ಸೆಕೆಂಡಿಗೆ 22 ಮೀಟರಿನಂತೆ ಸಾಗುತ್ತಿರುವಾಗ ಎದುರಿಗೆ ಶಾಲೆಯ ಮಕ್ಕಳು ರಸ್ತೆ ದಾಟಿದರೆ ಏನಾದೀತೆಂಬುದನ್ನು ವಾಚಕರೇ ಊಹಿಸಬಹುದು. ಇದಲ್ಲದೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರವೂ ಗಾಡಿಗೆ ವೇಗಮಾಪಕ ಇರತಕ್ಕದ್ದು.

ಇನ್ನು ಯಂತ್ರದ ಸ್ವರೂಪವನ್ನು ನೋಡೋಣ. ಗೇರ್‌ಬಾಕ್ಸಿನ ಹಿಂಭಾಗದಲ್ಲಿ ಒಂದು ಪುಟ್ಟ ಹಲ್ಲುಚಕ್ರವಿದೆ. ಅದಕ್ಕೆ ಸಿಕ್ಕಿಸಿದ ಕೇಬಲ್ ಡ್ಯಾಶ್‌ಬೋರ್ಡಿನ ಹಿಂದೆ ಮೀಟರಿನವರೆಗೆ ಬರುತ್ತದೆ. ಈ ಕೇಬಲ್ ಬ್ರೇಕಿನ ಕೇಬಲಿನ ಹಾಗೆ ಎಳೆಯುವಂಥದಲ್ಲ; ಹೊರಗಿನ ಕೊಳವೆಯೊಳಗೆ ಉಕ್ಕಿನ ಎಳೆಗಳನ್ನು ಹೊಸೆದ ತಂತಿಯೊಂದು ಗಿರ್ರನೆ ತಿರುಗುತ್ತಿರುತ್ತದೆ. ಅದರ ತುದಿಗಳು ಚೌಕಾಕಾರ. ಮೀಟರಿನ ಒಳಗೆ ಈ ತಂತಿಯು ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದನ್ನು ಕವಿದುಕೊಂಡು, ಆದರೆ ಎಲ್ಲಿಯೂ ಮುಟ್ಟದೆ, ಅಲ್ಯೂಮಿನಿಯಮ್ಮಿನ ಒಂದು ಬಟ್ಟಲು ಇರುತ್ತದೆ. ಬಟ್ಟಲಿಗೆ ಮುಳ್ಳು ಅಂಟಿದೆ. ಅಲ್ಯೂಮಿನಿಯಮ್ಮನ್ನು ಅಯಸ್ಕಾಂತವು ಆಕರ್ಷಿಸುವುದಿಲ್ಲವಷ್ಟೆ? ಆದರೂ ಬಟ್ಟಲು ಅದರ ಹಿಂದೆಯೇ ತಿರುಗಲು ಹವಣಿಸುತ್ತದೆ. ಇಂಥ ವಿಚಿತ್ರವನ್ನು 1824ರಲ್ಲಿ ಫ್ರಾನ್ಸಿನ ಅರಾಗೋ ಎಂಬ ಪಂಡಿತನು ತಾಮ್ರದ ತಟ್ಟೆಯಲ್ಲಿ ಕಂಡನು. ಚಲಿಸುವ ಅಯಸ್ಕಾಂತವು ಲೋಹದಲ್ಲಿ ವಿದ್ಯುತ್ಪ್ರವಾಹದ ಸುಳಿಗಳನ್ನು ಹುಟ್ಟಿಸುವುದೇ ಇದರ ಕಾರಣವೆಂಬುದು 1831ರ ಫ್ಯಾರಡೆಯ ಶೋಧನೆಯಿಂದ ತಿಳಿಯಿತು. 1902ರಲ್ಲಿ ಜರ್ಮನಿಯ ಓಟೋ ಶುಲ್ಟ್ಸೆ ಎಂಬವನು ಇದೇ ತತ್ತ್ವದ ಮೇಲೆ ವೇಗಮಾಪಕಕ್ಕೆ ಪೇಟೆಂಟು ಪಡೆದನು. ಬಟ್ಟಲನ್ನು ಹಿಂದಕ್ಕೆಳೆಯಲು ಕೂದಲೆಳೆಯಂಥ ಒಂದು ಸ್ಪ್ರಿಂಗ್ ಇದೆ. ಸುಳಿಯ ಎಳೆತವೂ ಸ್ಪ್ರಿಂಗಿನ ತಡೆಯೂ ಸಮವಾದಲ್ಲಿ ಮುಳ್ಳು ನಿಲ್ಲುತ್ತದೆ.

ಇದೇ ಪೆಟ್ಟಿಗೆಯಲ್ಲಿ ಇನ್ನೊಂದು ಯಂತ್ರವೂ ಅಡಗಿದೆ: ಗಾಡಿಯು ಕ್ರಮಿಸಿದ ಒಟ್ಟು ದೂರವನ್ನು ತೋರಿಸುವ ಅಂಕೆಗಳ ಸಾಲು. ಇದನ್ನು ತಿರುಗಿಸುವುದು ಸುಳಿಯ ಎಳೆತವಲ್ಲ, ಹಲ್ಲುಚಕ್ರಗಳು. ಭಾಸ್ಕರಾಚಾರ್ಯನು 1150ರ ಸಿದ್ಧಾಂತಶಿರೋಮಣಿಯಲ್ಲಿ ಗ್ರಹಗಳಿಗೆ ‘ತಾತ್ಕಾಲಿಕ ಗತಿ’ಯನ್ನು, ಅಂದರೆ ಆ ಕ್ಷಣದ ಗತಿಯನ್ನು ಬೇರೆಯಾಗಿಯೇ ಗಣಿಸಿದನಷ್ಟೆ, ಹಾಗೆಯೇ ಮುಳ್ಳು ಹೇಳುವುದು ತಾತ್ಕಾಲಿಕ ಗತಿಯನ್ನು, ಅಂಕೆಗಳು ಹೇಳುವುದು ಈವರೆಗಿನ ದಾರಿಯನ್ನು. ಒಂದೇ ತಂತಿಯಿಂದ ಎರಡೂ ನಡೆಯುತ್ತವೆಂಬ ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ದೋಷದ ಸ್ಥಾನವನ್ನು ಕಂಡುಹಿಡಿಯಲು ಅರ್ಧ ದಾರಿ ನಡೆದಂತಾಯಿತು.

ತರ್ಕಶಾಸ್ತ್ರದ ಅನ್ವಯ-ವ್ಯತಿರೇಕಗಳು ಇಲ್ಲಿ ಸಾಕು. ಮುಳ್ಳೂ ಅಂಕೆಗಳೂ ಒಟ್ಟಿಗೆ ನಿಂತಿದ್ದರೆ ದೋಷವು ಇಬ್ಬರಿಗೂ ಸಾಮಾನ್ಯವಾದ ಕಡೆಯಲ್ಲಿ, ಅಂದರೆ ಕೇಬಲಿನಲ್ಲಿ ಅಥವಾ ಗೇರ್‌ಬಾಕ್ಸಿನ ಬದಿಯ ಹಲ್ಲುಚಕ್ರದಲ್ಲಿ ಇರುವ ಸಂಭವವೇ ಹೆಚ್ಚು. ಅಂಕೆಗಳು ತಿರುಗುತ್ತಿದ್ದು ಮುಳ್ಳು ಮಾತ್ರ ಸತ್ತಿದ್ದರೆ ಕೇಬಲ್ ನಿರ್ದೋಷಿ. ಬಟ್ಟಲನ್ನೋ ಸ್ಪ್ರಿಂಗನ್ನೋ ವಿಚಾರಿಸಬೇಕು. ಮುಳ್ಳು ಆಡುತ್ತಿದ್ದು ಅಂಕೆಗಳು ನಿಂತಿದ್ದರೆ ಒಳಗಿನ ಪುಟ್ಟ ಚಕ್ರಗಳ ಹಲ್ಲು ಸವೆದಿದೆ. ಮುಳ್ಳು ನಡುಗುತ್ತ, ಹಾರುತ್ತ ಇದ್ದರೆ, ಅದರೊಡನೆ ಟಿಕ್ ಟಿಕ್ ಸದ್ದೂ ಬರುತ್ತಿದ್ದರೆ, ಕೇಬಲ್ ಒಣಗಿದೆ ಅಥವಾ ಎಲ್ಲಿಯೋ ಚೂಪಾಗಿ ಬಾಗಿದೆ. ಹಾಗಲ್ಲದೆ ಮುಳ್ಳು ಒಮ್ಮೆಗೇ ಕೊನೆಯ ಅಂಕೆಗೆ ಹೋಗಿ ಅಂಟಿಕೊಂಡರೆ, ಯಾರೋ ಉತ್ಸಾಹದಿಂದ ಕೇಬಲಿಗೆ ಗ್ರೀಸನ್ನು ಮೆತ್ತಿದ್ದಾರೆ, ಅದು ತಂತಿಯನ್ನೇರಿ ಮೀಟರಿನೊಳಗೆ ಹೊಕ್ಕು ಅಯಸ್ಕಾಂತವನ್ನೂ ಬಟ್ಟಲನ್ನೂ ಅಂಟಿಸಿದೆ ಎಂದು ಶಂಕಿಸಬೇಕು.

ಇದಕ್ಕೆ ಒಂದು ಪ್ರತ್ಯಕ್ಷ ಉದಾಹರಣೆಯನ್ನು ಹೇಳುತ್ತೇನೆ. ಬಾರಕೂರಿನ ಕಡೆಯ ನನ್ನ ಹಳೆಯ ಶಿಷ್ಯನೊಬ್ಬನ ಮನೆಯಲ್ಲಿ ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಗಾಡಿಯಿದೆ. ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡನ್ನೇ ಮದ್ರಾಸಿನ ಸ್ಟ್ಯಾಂಡರ್ಡ್ ಕಂಪೆನಿಯವರು 1961ರಿಂದ ಈ ಹೆಸರಿನಲ್ಲಿ ತಯಾರಿಸಿದರು. ಇಟಲಿಯ ಮಿಕೆಲೊಟ್ಟಿಯು ರೂಪಿಸಿದ ಆ ಗಾಡಿಯ ಮುಂಭಾಗವು ಮಡ್ಗಾರ್ಡುಗಳ ಸಮೇತ ಒಂದೇ ಮುಚ್ಚಳದಂತೆ ಮೇಲೇಳುವುದನ್ನು ನೋಡಲು ಆಗಿನ ಹುಡುಗರು ಗುಂಪುಗೂಡುತ್ತಿದ್ದರು. ಇದರ ಚೌಕಟ್ಟನ್ನೇ ಮೋಟಕುಗೊಳಿಸಿ 1962ರಲ್ಲಿ ಟ್ರಯಂಫ್‌ನವರು ಸ್ಪಿಟ್‌ಫೈರ್ ಎಂಬ ಪ್ರಸಿದ್ಧ ಕ್ರೀಡಾಕಾರನ್ನು ಮಾಡಿದರು. ಆದುದರಿಂದ ನಮ್ಮ ಹೆರಾಲ್ಡು ಆ ಕುಲೀನ ಗಾಡಿಯ ಒಡಹುಟ್ಟು ಎಂದರೂ ಸಲ್ಲುತ್ತದೆ. ಶಿಷ್ಯನ ತಂದೆಯವರು ಪೆಟ್ರೋಲು ತುಂಬಿಸಿದಾಗಲೆಲ್ಲ ಮೀಟರಿನ ಅಂಕೆಯನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಗಾಡಿ ನಾಲ್ಕು ಮಳೆಗಾಲ ನಿಂತಲ್ಲೇ ನಿಂತಿತು. ಹೊರಗೆ ತೆಗೆದ ದಿನವೇ ಮುಳ್ಳೂ ಅಂಕೆಗಳೂ ನಿಂತವು. ಪುಸ್ತಕದ ಕಡೆಯ ಬರಹಕ್ಕೂ ನಿಂತ ಅಂಕೆಗೂ ಹನ್ನೊಂದೇ ಕಿಲೋಮೀಟರಿನ ಅಂತರ.

ಹುಡುಗನು ಒಂದು ಕೆಲಸದಂಗಡಿಗೆ ಹೋಗಿ ವಿಚಾರಿಸಿ ನನ್ನಲ್ಲಿಗೆ ಬಂದನು. “ಮಾಷ್ಟ್ರೇ, ಮೀಟ್ರ್ ಹಾಳಾಯ್ತ್ ಅಂಬ್ರ್, ಹೊಸ್ತೇ ಹಾಕ್ಕ್ ಅಂಬ್ರ್” ಎಂದನು. ಬೇರೆ ಯಾವುದೋ ಗಾಡಿಯ ಮೀಟರನ್ನು ಕೂರಿಸಿ, ಹಳೆಯದನ್ನು ಗುಜರಿಗೆ ಹಾಕುವ ಏರ್ಪಾಡು ಆಗಿತ್ತು. “ಕೇಬಲ್ ಕಂಡ್ಯಾ, ಮಾರಾಯ?” ಎಂದು ಕೇಳಿದೆನು. ಕಂಡಿರಲಿಲ್ಲ. ಅಂಗಡಿಯವರೂ ಕಂಡಿರಲಿಲ್ಲ.

ಮೊದಲು ಬ್ಯಾಟರಿಯ ಒಂದು ತಂತಿಯನ್ನು ಕಳಚಿದೆವು. ಡ್ಯಾಶ್‌ಬೋರ್ಡಿನ ಹಿಂದೆ ಬಲ್ಬಿನ ತಂತಿಗಳಿರುವುದರಿಂದ ಇದನ್ನು ಮರೆಯತಕ್ಕದ್ದಲ್ಲ. ಮೀಟರಿನ ಬೆನ್ನಿಗಿರುವ ತಿರುಪಿನ ನಟ್ಟನ್ನು ಕೈಯಿಂದಲೇ ಬಿಚ್ಚಿ ಕೇಬಲಿನ ತುದಿಯನ್ನು ಹೊರಕ್ಕೆಳೆದು, ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಇಬ್ಬರು ಹುಡುಗರಿಂದ ಗಾಡಿಯನ್ನು ಅಂಗಳದಲ್ಲಿ ಮುಂದಕ್ಕೆ ತಳ್ಳಿಸಿದೆವು. ಚೌಕ ತುದಿಯು ಅಲ್ಲಾಡಲಿಲ್ಲ. ಒಳತಂತಿಯನ್ನು ಎಳೆದರೆ ಅರ್ಧ ಮಾತ್ರ ಕೈಗೆ ಬಂದಿತು! ಹಳೆಯ ಗ್ರೀಸು ಗಟ್ಟಿಯಾದ ಬೆಲ್ಲದ ಪಾಕದಂತಾಗಿ, ಕಡಲ ಗಾಳಿಗೆ ಕೊಳವೆಯೊಳಗೆ ತುಕ್ಕು ಹಿಡಿದು, ತಂತಿಯು ಸಿಕ್ಕಿಕೊಂಡು ಮುರಿದಿತ್ತು. ಮೀಟರು ನಿರಪರಾಧಿಯೇ ಎಂದು ತಿಳಿಯಲು, ತೂತು ಕೊರೆಯುವ ಡ್ರಿಲ್ ಯಂತ್ರಕ್ಕೆ ಆ ಮುರಿದ ತಂತಿಯ ತುಂಡನ್ನೇ ಸಿಕ್ಕಿಸಿ, ಕೇಬಲ್ ತಿರುಗುವ ದಿಕ್ಕಿನಲ್ಲಿಯೇ ನಿಧಾನವಾಗಿ ಮೀಟರನ್ನು ತಿರುಗಿಸಿ ನೋಡಿದೆವು. ಮುಳ್ಳು ಮೆಲ್ಲನೆ ಎದ್ದಿತು. ಹೊಸ ಮೀಟರಿನ ಮಾತು ಅಲ್ಲಿಗೆ ನಿಂತಿತು. ಬೇಕಾದುದು ಒಂದು ಕೇಬಲ್.

ಹೊಸ ಕೇಬಲನ್ನು ಕೂರಿಸುವುದರಲ್ಲಿ ಕೆಲವು ಎಚ್ಚರಿಕೆಗಳಿವೆ. ಹಳೆಯದರ ಪಕ್ಕದಲ್ಲಿಟ್ಟು ಉದ್ದವನ್ನೂ ಎರಡು ತುದಿಗಳನ್ನೂ ಸರಿನೋಡಬೇಕು. ಒಳತಂತಿಗೆ ಗ್ರೀಸನ್ನು ತೆಳ್ಳಗೆ, ಅದೂ ಕೆಳಭಾಗಕ್ಕೆ ಮಾತ್ರ ಸವರಿ, ಮೀಟರಿನ ಬದಿಯ ಒಂದು ಗೇಣನ್ನು ಒಣದಾಗಿಯೇ ಬಿಡಬೇಕು. ಮೀಟರಿನ ಬದಿಯಲ್ಲಿ ಚೌಕ ತುದಿಯು ಕೊಳವೆಯಿಂದ ಸುಮಾರು 1 ಸೆಂಟಿಮೀಟರಿನಷ್ಟು ಹೊರಗೆ ಚಾಚಿರಲಿ. ಕಡಿಮೆಯಾದರೆ ಹಿಡಿತ ಸಿಕ್ಕದು. ಕೇಬಲನ್ನು ಎಲ್ಲಿಯೂ ಚೂಪಾಗಿ ಮಡಿಸದೆ, ದೊಡ್ಡ ಬಟ್ಟಲಿನ ಅಂಚಿನಂತೆ ದುಂಡಗೆ ತಿರುಗಿಸಿ ಒಯ್ಯಬೇಕು; ಸೈಲೆನ್ಸರಿನ ಕೊಳವೆಯ ಬಿಸಿ ತಾಗದಂತೆ ದೂರವಿಡಬೇಕು. ನಟ್ಟಿಗೆ ಕೈಯ ಬಿಗಿಯೇ ಸಾಕು, ಇಕ್ಕಳ ಬೇಡ.

ಮೀಟರೇ ಕೆಟ್ಟಿದ್ದು ಬದಲಿಸಲೇಬೇಕಾದಲ್ಲಿ? ತೂತಿಗೆ ಸರಿಹೊಂದಿದ್ದೆಲ್ಲವೂ ಗಾಡಿಗೆ ಸರಿಹೊಂದದು. ಇಂಗ್ಲೆಂಡಿನ ಸ್ಮಿತ್ಸ್ ಸಂಸ್ಥೆಯ ಹಳೆಯ ಮೀಟರುಗಳ ಮುಖದ ಮೇಲೆ 1000, 1184 ಮುಂತಾಗಿ ಒಂದು ಸಣ್ಣ ಸಂಖ್ಯೆಯಿರುತ್ತದೆ. ಅನೇಕರು ಇದನ್ನು ಗಮನಿಸುವುದೇ ಇಲ್ಲ. ಗಾಡಿಯು ಒಂದು ಮೈಲಿ ಸಾಗುವಷ್ಟರಲ್ಲಿ ಕೇಬಲ್ ಎಷ್ಟು ಸುತ್ತು ಸುತ್ತಬೇಕೆಂಬುದೇ ಆ ಸಂಖ್ಯೆಯ ಅರ್ಥ. 1000 ಎಂದಿರುವ ಮೀಟರಿನಲ್ಲಿ ತಂತಿಯು ನಿಮಿಷಕ್ಕೆ ಸಾವಿರ ಸುತ್ತು ತಿರುಗಿದಾಗ ಮುಳ್ಳು ಗಂಟೆಗೆ 60 ಮೈಲಿ ತೋರಿಸತಕ್ಕದ್ದು. ನಿಮ್ಮ ಗಾಡಿಗೆ ಯಾವ ಸಂಖ್ಯೆಯೆಂದು ಅಂಗಳದಲ್ಲಿಯೇ ಅಳೆಯಬಹುದು: ಕೇಬಲಿನ ಬಿಡಿ ತುದಿಗೆ ಕಾಗದದ ಬಾಣವೊಂದನ್ನು ಸಿಕ್ಕಿಸಿ, ಗಾಡಿಯನ್ನು 52 ಅಡಿ 9½ ಅಂಗುಲ ನೇರವಾಗಿ ತಳ್ಳಿಸಿ, ಬಾಣದ ಸುತ್ತುಗಳನ್ನು ಎಣಿಸಿ ನೂರರಿಂದ ಗುಣಿಸಿದರಾಯಿತು, ಆ ದೂರವು ಮೈಲಿಯ ನೂರನೆಯ ಒಂದು ಪಾಲು. ಮುಖದ ಮೇಲಿನ ಅಂಕೆಗಳು ಮೈಲಿಯೋ ಕಿಲೋಮೀಟರೋ ಎಂಬುದನ್ನೂ ನೋಡಬೇಕು. ಮೈಲಿಯ ಮೀಟರಿನಲ್ಲಿ 40 ಎಂದರೆ 64 ಕಿಲೋಮೀಟರಿಗಿಂತ ಮೇಲೆ. ಇದನ್ನರಿಯದ ಹೊಸಬನ ಕೈಗೆ ಗಾಡಿಯನ್ನು ಕೊಡಬಾರದು.

ಟಯರಿನ ವಿಷಯವೂ ಇದಕ್ಕೆ ಸೇರಿದ್ದೇ. ಹೆರಾಲ್ಡಿನ 13 ಅಂಗುಲದ ಚಕ್ರಕ್ಕೆ ಮೂಲದ ಅಳತೆಯ ಟಯರು ದೊರೆಯದೆ ದೊಡ್ಡದನ್ನು ಹಾಕಿಸಿದವರಿದ್ದಾರೆ. ಚಕ್ರದ ಸುತ್ತಳತೆ ಹೆಚ್ಚಿದರೆ ಮುಳ್ಳು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ. ಅಯಸ್ಕಾಂತದ ಬಲ ಕುಂದಿದರೂ ಫಲವು ಅದೇ. ಹೆಚ್ಚು ತೋರಿಸುವ ಮೀಟರು ಮನುಷ್ಯನನ್ನು ನಿಧಾನಗೊಳಿಸೀತು. ಕಡಿಮೆ ತೋರಿಸುವುದು ಹಾಗಲ್ಲ. ಮುಳ್ಳು ನಿಜಕ್ಕಿಂತ ಸ್ವಲ್ಪ ಹೆಚ್ಚು ತೋರಿಸಿದರೂ ಸರಿ, ಎಂದಿಗೂ ಕಡಿಮೆ ತೋರಿಸಕೂಡದೆಂದು ಐರೋಪ್ಯ ದೇಶಗಳ ನಿಯಮಗಳು ವಿಧಿಸಿರುವುದು ಇದಕ್ಕಾಗಿಯೇ.

ಬದಲಿಸಿದ ಮೀಟರಿನ ಅಂಕೆಗಳ ವಿಷಯದಲ್ಲಿ ಗೃಹಸ್ಥನಿಗೆ ಒಂದು ಧರ್ಮವಿದೆ. ಬೇರೆ ಗಾಡಿಯ ಮೀಟರು ಬೇರೆ ಗಾಡಿಯ ದಾರಿಯನ್ನು ಹೇಳುತ್ತದೆ. ಮಾರುವಾಗ ಕಡಿಮೆ ಅಂಕೆಯನ್ನು ತೋರಿಸಿ ಹೆಚ್ಚು ಬೆಲೆ ಪಡೆಯುವುದು ತಕ್ಕಡಿಯ ಮೋಸಕ್ಕೆ ಸಮಾನ. ಹಳೆಯ ಅಂಕೆ, ಹೊಸ ಅಂಕೆ, ಬದಲಿಸಿದ ದಿನ, ಈ ಮೂರನ್ನೂ ಬರೆದು ಗಾಡಿಯ ಕಾಗದಪತ್ರಗಳ ಜೊತೆಗಿಡತಕ್ಕದ್ದು. ಕೊಳ್ಳುವವನಿಗೆ ಅದನ್ನು ತೋರಿಸತಕ್ಕದ್ದು. ತೆಗೆದ ಮೀಟರನ್ನು ಎಸೆಯದೆ ಹತ್ತಿಬಟ್ಟೆಯಲ್ಲಿ ಸುತ್ತಿಡಿರಿ. ಐವತ್ತು ವರ್ಷ ಮೀರಿದ, ಮೂಲರೂಪದಲ್ಲಿರುವ ಗಾಡಿಗಳಿಗೆ ಪ್ರತ್ಯೇಕ ನೋಂದಣಿಯ ಏರ್ಪಾಡು 2021ರಲ್ಲಿ ಬಂದಿದೆ. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲವೆಂಬುದನ್ನೂ ತಿಳಿದಿರಬೇಕು.

ಕಡೆಗೆ ಪರೀಕ್ಷೆ. ಮೊಬೈಲ್ ಫೋನು ಉಪಗ್ರಹಗಳ ನೆರವಿನಿಂದ ವೇಗವನ್ನು ತೋರಿಸಬಲ್ಲುದು. ಆದರೆ ಅದನ್ನು ಓದತಕ್ಕವರು ಪಕ್ಕದಲ್ಲಿ ಕುಳಿತವರೇ ಹೊರತು ಓಡಿಸುವವನಲ್ಲ. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳೂ ಒಂದು ಗಡಿಯಾರವೂ ಇದ್ದರೆ ಫೋನಿನ ಹಂಗೂ ಬೇಡ. ಮುಳ್ಳನ್ನು ಒಂದೇ ಅಂಕೆಯಲ್ಲಿ ಹಿಡಿದು, ಒಂದು ಕಲ್ಲಿನಿಂದ ಮುಂದಿನ ಕಲ್ಲಿಗೆ ಹಿಡಿದ ಸೆಕೆಂಡುಗಳಿಂದ 3600ನ್ನು ಭಾಗಿಸಿದರೆ ನಿಜವಾದ ವೇಗವು ಸಿಕ್ಕುತ್ತದೆ: 90 ಸೆಕೆಂಡಿಗೆ ಗಂಟೆಗೆ 40 ಕಿಲೋಮೀಟರ್, 72ಕ್ಕೆ 50, 60ಕ್ಕೆ 60. ತ್ರಾಸಿ–ಮರವಂತೆಯ ನೇರ ದಾರಿಯು ಇದಕ್ಕೆ ಅನುಕೂಲವೆಂದು ತೋರಿದರೂ ಪ್ರವಾಸಿಗಳು ಕಿಕ್ಕಿರಿಯುವ ಆದಿತ್ಯವಾರದ ಸಂಜೆ ಬೇಡ. ಬೆಳಗಿನ ಹೊತ್ತು, ರಸ್ತೆ ಒಣಗಿರುವಾಗ ಹೋಗುವುದು ಒಳ್ಳೆಯದು. ಒಂದು ಕಲ್ಲನ್ನೇ ನಂಬದೆ ಮೂರು ನಾಲ್ಕು ಕಲ್ಲುಗಳವರೆಗೆ ಅಳೆದು, ಹೋಗುವಾಗಲೂ ಬರುವಾಗಲೂ ನೋಡಿ, ‘ಮುಳ್ಳು 50 ಎಂದಾಗ ಇಷ್ಟು, 60 ಎಂದಾಗ ಇಷ್ಟು’ ಎಂದು ಸಣ್ಣ ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿನ ಮೂಲೆಗೆ ಅಂಟಿಸಿಟ್ಟರೆ, ಮನೆಯಲ್ಲಿ ಯಾರು ಓಡಿಸಿದರೂ ಅದು ಕಣ್ಣಿಗೆ ಬೀಳುತ್ತದೆ.