ಉನ್ನತ ವಿದ್ಯಾಪೀಠಗಳ ದ್ವಾರದಲ್ಲಿ ನಮ್ಮ ಮಕ್ಕಳು

ನಮ್ಮ ಮಠಮಾನ್ಯಗಳ ವಿದ್ಯಾಸಂಸ್ಥೆಗಳು ಹೊರತರುವ ವಾರ್ಷಿಕ ಸಂಚಿಕೆಗಳಲ್ಲಿ ಉನ್ನತ ಶ್ರೇಣಿ ಪಡೆದ ವಿದ್ಯಾರ್ಥಿಗಳ ಭಾವಚಿತ್ರಗಳನ್ನು ಅಚ್ಚು ಮಾಡುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಅದು ಸ್ತುತ್ಯವಾದುದೇ. ಆದರೆ ಆ ಮಕ್ಕಳು ಮುಂದೆ ಎಲ್ಲಿಗೆ ಹೋದರು, ಎಲ್ಲಿಗೆ ಹೋಗಬಹುದಾಗಿತ್ತು, ಹೋಗದೆ ಉಳಿದುದಕ್ಕೆ ಕಾರಣವೇನು ಎಂಬ ಪ್ರಶ್ನೆಯನ್ನು ಅಧ್ಯಾಪಕರಾದ ನಾವು ನಮಗೆ ನಾವೇ ಕೇಳಿಕೊಂಡದ್ದು ತೀರ ಕಡಿಮೆ.

ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ. ಅದಕ್ಕೆ ಮುಂಚೆ ಈ ಭಾಗದಲ್ಲಿ ಪದವಿ ಬಯಸಿದವರು ಪುಣೆ, ಮುಂಬಯಿಗಳ ದಾರಿ ಹಿಡಿಯಬೇಕಾಗಿತ್ತು. ಅಂಥ ಕಾಲದಲ್ಲಿ, 1883ರಷ್ಟು ಹಿಂದೆಯೇ, ಗಿಲಗಂಚಿ ಗುರುಸಿದ್ಧಪ್ಪನವರು, ಅರಟಾಳ ರುದ್ರಗೌಡರು ಮೊದಲಾದ ಹಿರಿಯರು ಧಾರವಾಡದಲ್ಲಿ ವಿದ್ಯಾನಿಧಿಯನ್ನು ಕೂಡಿಸಿ ಬಡ ವಿದ್ಯಾರ್ಥಿಗಳ ಬೆನ್ನಿಗೆ ನಿಂತರು. ಶಿರಸಂಗಿಯ ಲಿಂಗರಾಜರು ತಮ್ಮ ಆಸ್ತಿಯನ್ನೇ ವಿದ್ಯೆಗೆ ಧಾರೆಯೆರೆದರು. ಈ ಮಹನೀಯರು ಕೊಟ್ಟದ್ದು ಹಣವನ್ನಷ್ಟೇ ಅಲ್ಲ. ಪರಸ್ಥಳಕ್ಕೆ ಹೋಗುವ ಹುಡುಗನಿಗೆ ತನ್ನ ಹಿಂದೆ ಯಾರೋ ಇದ್ದಾರೆಂಬ ಧೈರ್ಯವನ್ನು ಕೊಟ್ಟರು.

ಇಂದು ಕಾಲೇಜುಗಳಿಗೆ ಕೊರತೆಯಿಲ್ಲ. ಆದರೆ ಆಯ್ದ ಕೆಲವರಿಗಷ್ಟೇ ಪ್ರವೇಶವೀಯುವ ವಿದ್ಯಾಪೀಠಗಳ ಹಾದಿ ಮಾತ್ರ ನಮ್ಮ ಪ್ರಸಾದನಿಲಯದ ಮಕ್ಕಳಿಗೆ ಇನ್ನೂ ಅಪರಿಚಿತವಾಗಿಯೇ ಇದೆ. ನನ್ನಿಂದಲೇ ಆದ ಒಂದು ತಪ್ಪನ್ನು ಇಲ್ಲಿ ಹೇಳುವುದು ಉಚಿತ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 1909ರಷ್ಟು ಹಳೆಯದಾದರೂ ಪಿ.ಯು.ಸಿ. ಮುಗಿಸಿದವರಿಗಾಗಿ ನಾಲ್ಕು ವರ್ಷಗಳ ಪದವಿಯನ್ನು ಆರಂಭಿಸಿದ್ದು 2011ರಲ್ಲಿ. ನನ್ನ ತರಗತಿಯ ಹುಡುಗನೊಬ್ಬನಿಗೆ ಅಲ್ಲಿ ಓದುವ ಹಂಬಲವಿತ್ತು. ಪ್ರವೇಶ ಪರೀಕ್ಷೆಯನ್ನು ಚೆನ್ನಾಗಿ ಬರೆದನು. ತಕ್ಕ ಶ್ರೇಣಿಯೂ ಬಂದಿತು. ಶ್ರೇಣಿ ಬಂದರೆ ಸಿ.ಇ.ಟಿ.ಯಂತೆ ಸ್ಥಾನ ತಾನಾಗಿ ಹಂಚಿಕೆಯಾಗುತ್ತದೆಂದು ನಾನು ಭಾವಿಸಿದ್ದೆನು, ಅವನಿಗೂ ಹಾಗೆಯೇ ಹೇಳಿದ್ದೆನು. ಸಂಸ್ಥೆಗೆ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಬೇಕೆಂಬುದು ನಮಗೆ ತಿಳಿದಾಗ ಕೊನೆಯ ದಿನಾಂಕ ಕಳೆದಿತ್ತು. "ಇರಲಿ ಬಿಡ್ರಿ ಗುರುಗಳೇ" ಎಂದು ಅವನೇ ನನ್ನನ್ನು ಸಮಾಧಾನಪಡಿಸಿದನು. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ. ನಾನು ಪ್ರಕಟಣೆಯ ನಾಲ್ಕು ಪುಟಗಳನ್ನು ಓದಿದ್ದರೆ ಸಾಕಾಗಿತ್ತು.

ಆದುದರಿಂದ ಅಧ್ಯಾಪಕನ ಮೊದಲ ಕೆಲಸವೆಂದರೆ ವಿದ್ಯಾರ್ಥಿಗಿಂತ ಮೊದಲು ತಾನು ಓದುವುದು. 2022ರಿಂದ ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕೆ ಸಿ.ಯು.ಇ.ಟಿ. ಎಂಬ ಸಾಮಾನ್ಯ ಪರೀಕ್ಷೆ ಬಂದಿದೆ. ಅದನ್ನು ಹದಿಮೂರು ಭಾಷೆಗಳಲ್ಲಿ ಬರೆಯಬಹುದು, ಅವುಗಳಲ್ಲಿ ಕನ್ನಡವೂ ಒಂದು. ಈ ಸಂಗತಿಯನ್ನರಿಯದ ಸಹೋದ್ಯೋಗಿಗಳು ನನಗೆ ಅನೇಕರು ಸಿಕ್ಕಿದ್ದಾರೆ. ಪರೀಕ್ಷೆ ಬರೆದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿಯಲಾಗದು. ಬಯಸಿದ ವಿಶ್ವವಿದ್ಯಾಲಯಕ್ಕೆ, ಅದು ದಿಲ್ಲಿಯದಾಗಲಿ ನಮ್ಮ ಕಲಬುರಗಿ ಜಿಲ್ಲೆಯ ಕಡಗಂಚಿಯದಾಗಲಿ, ಬೇರೆಯಾಗಿ ಹೆಸರು ನೋಂದಾಯಿಸಬೇಕಾಗುತ್ತದೆ.

ಇನ್ನು ಜಾತಿ ಪ್ರಮಾಣಪತ್ರದ ವಿಷಯ. ಇದು ಕ್ಷುಲ್ಲಕವೆಂದು ತೋರಬಹುದು. ಆದರೆ ಎಷ್ಟೋ ಮಕ್ಕಳು ಎಡವುವುದು ಇಲ್ಲಿಯೇ. ನಮ್ಮ ರಾಜ್ಯದಲ್ಲಿ ವೀರಶೈವ ಲಿಂಗಾಯತರು 3ಬಿ ಪ್ರವರ್ಗಕ್ಕೆ ಸೇರಿದವರು. ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿಯಾದರೋ ಬೇರೆ. ಅದರಲ್ಲಿ ಕೆಲವು ಒಳಪಂಗಡಗಳು ಮಾತ್ರ ಇವೆ. ರಾಜ್ಯದ ಪ್ರಮಾಣಪತ್ರವನ್ನೇ ಹಿಡಿದು ಕೇಂದ್ರದ ಸಂಸ್ಥೆಗೆ ಹಿಂದುಳಿದ ವರ್ಗದವನೆಂದು ಅರ್ಜಿ ಹಾಕಿದ ಹುಡುಗ, ದಾಖಲೆ ಪರಿಶೀಲನೆಯ ದಿನ ಸ್ಥಾನವನ್ನೇ ಕಳೆದುಕೊಳ್ಳಬಹುದು. ಪಟ್ಟಿಯಲ್ಲಿ ಇರುವವರೂ ಕೇಂದ್ರದ ನಮೂನೆಯಲ್ಲಿಯೇ ಪ್ರಮಾಣಪತ್ರ ಪಡೆಯಬೇಕು. ಇದನ್ನು ಅಕ್ಷರ ಬಾರದ ತಂದೆ ತಹಶೀಲ್ದಾರ ಕಚೇರಿಯಲ್ಲಿ ವಿವರಿಸಿ ಹೇಳಬಲ್ಲನೇ? ಶಾಲೆಯ ಪರವಾಗಿ ಒಬ್ಬರು ಅವನ ಜೊತೆಗೆ ಹೋಗಬೇಕು. ಜೂನ್ ತಿಂಗಳಲ್ಲಲ್ಲ, ದೀಪಾವಳಿಗೆ ಮೊದಲೇ ಹೋಗಬೇಕು.

ಭಾಷೆಯ ತೊಡಕನ್ನು ಮುಚ್ಚಿಡಬೇಕಾಗಿಲ್ಲ. ಜೆ.ಇ.ಇ.ಯ ಮೊದಲ ಹಂತವನ್ನು 2021ರಿಂದ ಕನ್ನಡದಲ್ಲಿ ಬರೆಯುವ ಅವಕಾಶವಿದ್ದರೂ ಮುಂದಿನ ಹಂತದ ಪರೀಕ್ಷೆ ಇಂಗ್ಲಿಷು ಮತ್ತು ಹಿಂದಿಗಳಲ್ಲಿ ಮಾತ್ರ ನಡೆಯುತ್ತದೆ. ಕನ್ನಡ ಮಾಧ್ಯಮದಿಂದ ಬಂದ ಹುಡುಗನಲ್ಲಿ ನಾನು ಕಂಡಂತೆ ಜ್ಞಾನದ ಕೊರತೆಯಿಲ್ಲ, ಇಂಗ್ಲಿಷ್ ಪ್ರಶ್ನೆಯನ್ನು ಓದಿ ಗ್ರಹಿಸುವ ವೇಗ ಸಾಲದು. ವಾರಕ್ಕೆರಡು ಸಂಜೆ ಅವನೊಡನೆ ಕುಳಿತು ಇಂಗ್ಲಿಷ್ ಪಠ್ಯವನ್ನು ಗಟ್ಟಿಯಾಗಿ ಓದಿಸಿ, ಕನ್ನಡದಲ್ಲಿ ಅರ್ಥ ಹೇಳಿಸಿದರೆ ಒಂದು ವರ್ಷದಲ್ಲಿ ಬಹಳ ವ್ಯತ್ಯಾಸವಾಗುತ್ತದೆ. ಇದಕ್ಕೆ ಕೋಟಾದ ಕೋಚಿಂಗು ಬೇಡ. (ಆ ಜಾಹೀರಾತು ಫಲಕಗಳನ್ನು ಕಂಡಾಗಲೆಲ್ಲ, ಹೊಲ ಮಾರಿದ ಪಾಲಕರ ಮುಖಗಳೇ ನನಗೆ ನೆನಪಾಗುತ್ತವೆ.)

ಯಾರಿಗೆ ಪ್ರೋತ್ಸಾಹ ಕೊಡಬೇಕೆಂಬುದರಲ್ಲಿಯೂ ನಾವು ಪಕ್ಷಪಾತಿಗಳೇ. ಮುಂದಿನ ಸಾಲಿನವರು ತಾವಾಗಿಯೇ ಕೇಳುತ್ತಾರೆ, ಕೇಳಿದವರಿಗೆ ಹೇಳುತ್ತೇವೆ. ಹೆಣ್ಣುಮಕ್ಕಳಂತೂ ಕೇಳುವುದೇ ಇಲ್ಲ. ಅಷ್ಟು ದೂರ ಕಳುಹಿಸಲಾರೆವೆಂಬ ಉತ್ತರವನ್ನು ಮನೆಯಲ್ಲಿ ಆಗಲೇ ಕೇಳಿರುತ್ತಾರೆ. ಅಲ್ಲಿ ಅಧ್ಯಾಪಕನು ಮನೆಗೆ ಹೋಗಿ ತಾಯಿಯೊಡನೆ ಮಾತನಾಡದೆ ಅನ್ಯಮಾರ್ಗವಿಲ್ಲ.

ಪ್ರವೇಶ ದೊರೆಯದವರ ಸಂಖ್ಯೆಯೇ ಯಾವಾಗಲೂ ದೊಡ್ಡದು. ಅವರಿಗೆ ಎರಡನೆಯ, ಮೂರನೆಯ ಆಯ್ಕೆಗಳನ್ನು ಮೊದಲೇ ಗೊತ್ತುಪಡಿಸಿಟ್ಟಿರಬೇಕು.

ದಾನಿಗಳಲ್ಲಿ ಒಂದು ವಿಜ್ಞಾಪನೆ. ಕಟ್ಟಡದ ಮೇಲೆ ಹೆಸರು ಕೆತ್ತಿಸುವ ಉದಾರಿಗಳು ಅರ್ಜಿಶುಲ್ಕ, ಪರೀಕ್ಷಾ ಕೇಂದ್ರಕ್ಕೆ ಹೋಗಿಬರುವ ಖರ್ಚು, ಮೊದಲ ತಿಂಗಳ ಊಟದ ವೆಚ್ಚ ಇವುಗಳಿಗಾಗಿ ಚಿಕ್ಕದೊಂದು ನಿಧಿಯನ್ನಿಟ್ಟರೆ ಅದೂ ದಾಸೋಹವೇ ಆಗುತ್ತದೆ. ಹಳೆಯ ವಿದ್ಯಾರ್ಥಿಗಳಿಂದ ಹಣಕ್ಕಿಂತ ಹೆಚ್ಚಾಗಿ ಅವರ ವಿಳಾಸ ಬೇಕಾಗಿದೆ. ಗ್ರಂಥಾಲಯದಲ್ಲಿ ಒಂದು ವಹಿಯನ್ನಿರಿಸಿ, ಯಾರು ಯಾವ ವಿದ್ಯಾಪೀಠದಲ್ಲಿ ಓದಿದರು, ಹೊಸಬನೊಬ್ಬನು ಆ ಊರಿಗೆ ಬಂದಿಳಿದರೆ ನಿಲ್ದಾಣಕ್ಕೆ ಬರಬಲ್ಲರೇ ಎಂಬುದನ್ನು ಬರೆದಿಡುವಂತಾಗಲಿ. ಈ ವರ್ಷದ ಸಮಾರಂಭಕ್ಕೆ ಆಗಮಿಸುವ ಹಳೆಯ ವಿದ್ಯಾರ್ಥಿಗಳು ಪ್ರಸಾದಕ್ಕೆ ಕೂರುವ ಮುನ್ನ ಅದರಲ್ಲಿ ಎರಡು ಸಾಲು ಬರೆದರೆ ಉಪಕಾರವಾಗುವುದು.