ಒಂದೇ ಸೂರು, ಹಲವು ಒಲೆ

ಮುಂದೊಂದು ಜಗಲಿ, ಹಿಂದೊಂದು ಹಿತ್ತಿಲು, ನಡುವೆ ನಮ್ಮದೇ ಆದ ನಾಲ್ಕು ಗೋಡೆ: ಮನೆಯೆಂದರೆ ಹಿರಿಯರ ಎಣಿಕೆ ಹೀಗಿತ್ತು. ಪಟ್ಟಣ ಸೇರಿದವರಿಗೆ ವಠಾರ ದೊರೆಯಿತು. ಅಲ್ಲಿ ಅಂಗಳವೂ ನಲ್ಲಿಯೂ ಎಲ್ಲರ ಬಳಕೆಯವಾದರೂ ಯಜಮಾನನು ಒಬ್ಬನೇ. ಸೂರು ಸೋರಿದರೆ ಅವನನ್ನು ದೂರಿ ಸುಮ್ಮನಾಗಬಹುದಾಗಿತ್ತು. ಇಂದು ನಮ್ಮ ವಾಚಕರಲ್ಲಿ ಅನೇಕರು ವಾಸಿಸುವ ಫ್ಲಾಟುಗಳ ಕಟ್ಟಡದಲ್ಲಿ ಆ ಸೌಲಭ್ಯವಿಲ್ಲ. ಅಲ್ಲಿ ಎಲ್ಲರೂ ಯಜಮಾನರು. ದೂರುವವರೂ ನಾವೇ, ದೂರಿಸಿಕೊಳ್ಳತಕ್ಕವರೂ ನಾವೇ. ಈ ಒಡೆತನವು ಹೇಗೆ ಬಂದಿತು, ಅದು ನಮ್ಮಿಂದ ಏನನ್ನು ಬೇಡುತ್ತದೆ ಎಂಬುದನ್ನು ಈ ತಿಂಗಳು ವಿಚಾರಮಾಡೋಣ.

ಇದರ ಮೊದಲ ಹೆಜ್ಜೆಗಳಲ್ಲೊಂದನ್ನು ಇಟ್ಟವರು ನಮ್ಮ ಕರಾವಳಿಯಿಂದ ಹೋದ ಜನರೇ. ಕೆನರಾ ಸೀಮೆಯಿಂದ ಉದ್ಯೋಗಾರ್ಥವಾಗಿ ಮುಂಬಯಿಗೆ ತೆರಳಿದ ಸಾರಸ್ವತ ಕುಟುಂಬಗಳಿಗೆ ಒಳ್ಳೆಯ ವಸತಿ ದುರ್ಲಭವಾಗಿತ್ತು. ಇಕ್ಕಟ್ಟಿನ ವಾಸವು ಎಷ್ಟು ಅಪಾಯಕರವೆಂಬುದನ್ನು 1896ರ ಪ್ಲೇಗು ಆ ನಗರಕ್ಕೆ ಚೆನ್ನಾಗಿ ತೋರಿಸಿಕೊಟ್ಟಿತ್ತು. 1906ರಲ್ಲಿ ತಮ್ಮ ಗುರುಗಳ ಹೆಸರಿನಲ್ಲಿ ಶಾಮರಾವ್ ವಿಠ್ಠಲ ಸಹಕಾರಿ ಬ್ಯಾಂಕನ್ನು ಆರಂಭಿಸಿದ್ದ ಶ್ರೀಪಾದ ಸುಬ್ಬರಾವ್ ತಲ್ಮಕಿಯವರ ಮುಂದಾಳುತನದಲ್ಲಿ 1915ರಲ್ಲಿ ಗಾಮದೇವಿಯ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವು ಹುಟ್ಟಿತು. ಅದರ ಕ್ರಮವು ಸ್ವಾರಸ್ಯವಾದುದು. ಕಟ್ಟಡವು ಸಂಘದ್ದು; ಸಂಘವು ಸದಸ್ಯರದು; ಬಾಡಿಗೆಗಿರುವವರೂ ಅದೇ ಸದಸ್ಯರು. ಹೀಗೆ ಬಾಡಿಗೆ ತೆರುವವನೂ ಪಡೆಯುವವನೂ ಒಬ್ಬನೇ ಆದನು!

ಕಾಲಕ್ರಮದಲ್ಲಿ ಜನರು ಮನೆಯನ್ನೇ ತಮ್ಮ ಹೆಸರಿಗೆ ಬಯಸತೊಡಗಿದರು. ಮಹಾರಾಷ್ಟ್ರದಲ್ಲಿ 1970ರಲ್ಲಿಯೂ ನಮ್ಮ ಕರ್ನಾಟಕದಲ್ಲಿ 1972ರಲ್ಲಿಯೂ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆಗಳಾದುವು. ಇವುಗಳ ಪ್ರಕಾರ ಫ್ಲಾಟು ಕೊಂಡವನ ಕೈಗೆ ಎರಡು ವಸ್ತುಗಳು ಬರುತ್ತವೆ. ಒಂದು, ತನ್ನ ಬಾಗಿಲಿನ ಒಳಗಿನ ಮನೆ. ಇನ್ನೊಂದು, ನೆಲ, ತಳಪಾಯ, ಮೆಟ್ಟಿಲು, ತಾರಸಿ, ಸಂಪು ಮುಂತಾದುವುಗಳಲ್ಲಿ ಅವಿಭಜಿತ ಪಾಲು. ಈ ಪಾಲು ಶೇಕಡಾ ಇಷ್ಟೆಂದು ಘೋಷಣಾ ಪತ್ರದಲ್ಲಿ ಬರೆದಿರುತ್ತದೆ. ಆದರೆ ಇದೇ ನನ್ನ ಮೆಟ್ಟಿಲು ಎಂದು ಬೆರಳಿಟ್ಟು ತೋರಿಸುವಂತಿಲ್ಲ. ಮನೆಯನ್ನು ಮಾರಿದರೆ ಪಾಲೂ ಅದರೊಡನೆ ಹೋಗುವುದು. ಪಾಲನ್ನು ಮಾತ್ರ ಬೇರ್ಪಡಿಸಿ ಮಾರಲಾಗದು.

ಇನ್ನು ಇದರ ವೈಚಿತ್ರ್ಯಗಳು. ನೆಲದಂತಸ್ತಿನ ಗೃಹಸ್ಥರು, “ನಾವು ಲಿಫ್ಟು ಹತ್ತುವುದೇ ಇಲ್ಲ, ಅದರ ಖರ್ಚು ನಮಗೇಕೆ?” ಎಂದು ಕೇಳುವುದುಂಟು. ಕರ್ನಾಟಕದ ಕಾಯಿದೆ ಇದಕ್ಕೆ ಮೊದಲೇ ಉತ್ತರ ಕೊಟ್ಟಿದೆ: ಸಾಮಾನ್ಯ ಸೌಕರ್ಯವನ್ನು ಬಳಸುವುದಿಲ್ಲವೆಂದಾಗಲಿ, ಮನೆಯನ್ನು ಬಿಟ್ಟು ಹೋದೆನೆಂದಾಗಲಿ ಯಾರೂ ತಮ್ಮ ಪಾಲಿನ ಖರ್ಚಿನಿಂದ ತಪ್ಪಿಸಿಕೊಳ್ಳುವಂತಿಲ್ಲ. ಖರ್ಚಿನ ಹಂಚಿಕೆಯೂ ಬಹುಮತದ ಎಣಿಕೆಯೂ ಆ ಶೇಕಡಾ ಪಾಲನ್ನೇ ಅನುಸರಿಸುತ್ತವೆ. ದೊಡ್ಡ ಮನೆಗೆ ಭಾರವೂ ಹೆಚ್ಚು, ಮಾತಿನ ತೂಕವೂ ಹೆಚ್ಚು. ಮನೆ ನಮ್ಮದೇ ಆದರೂ ಕಟ್ಟಡದ ಭದ್ರತೆಗೆ ಕುಂದು ತರುವಂತೆ ಗೋಡೆಯನ್ನು ಒಡೆಯುವ ಹಕ್ಕು ನಮಗಿಲ್ಲ. ನಮ್ಮ ನೆಲವೇ ಕೆಳಗಿನವರ ಸೂರಲ್ಲವೆ? ನಮ್ಮ ಸ್ನಾನದ ಮನೆಯ ನೀರು ಜಿನುಗಿದರೆ ಅವರ ದೇವರ ಮನೆ ತೊಯ್ಯುವುದು.

ನಮ್ಮ ಅಭಿಪ್ರಾಯದಲ್ಲಿ ಇಂಥ ಸಂಸಾರಕ್ಕೆ ದೊಡ್ಡ ಶತ್ರು ಜಗಳವಲ್ಲ, ಉದಾಸೀನ. ಒಬ್ಬರು ಕೊಡದ ಮೇಂಟೆನೆನ್ಸ್ ಹಣವು ಆಕಾಶದಿಂದ ಉದುರುವುದಿಲ್ಲ. ಎದುರುಮನೆಯವರು ಅದನ್ನು ತುಂಬಬೇಕು, ಇಲ್ಲವೆ ದುರಸ್ತಿ ನಿಲ್ಲಬೇಕು. ಲಿಫ್ಟು ಕೆಟ್ಟು ನಿಂತಾಗ ನಾಲ್ಕನೆಯ ಅಂತಸ್ತಿನ ಮುದುಕಿ ಆಸ್ಪತ್ರೆಗೆ ಹೋಗುವುದು ಹೇಗೆ? ಬೇಸಗೆಯಲ್ಲಿ ಸಂಪು ಬರಿದಾದಾಗ ಟ್ಯಾಂಕರಿನವನು ದುಡ್ಡಿಲ್ಲದೆ ನೀರು ಸುರಿದಾನೆಯೆ?

ಆದುದರಿಂದ ಗೃಹಸ್ಥರಿಗೆ ಕೆಲವು ಮಾತುಗಳು. ಫ್ಲಾಟು ಕೊಳ್ಳುವ ಮುನ್ನ ಅಮೃತಶಿಲೆಯ ನೆಲವನ್ನು ನೋಡುವಷ್ಟೇ ಶ್ರದ್ಧೆಯಿಂದ ಘೋಷಣಾ ಪತ್ರವನ್ನು ಓದಿರಿ. ನಿಮ್ಮ ಪಾಲು ಎಷ್ಟೆಂದು ತಿಳಿಯಿರಿ. ಹಳೆಯ ಫ್ಲಾಟಾದರೆ ಮಾರುವವರ ಬಾಕಿಯನ್ನು ವಿಚಾರಿಸಿರಿ. ತೀರದೆ ಉಳಿದ ಸಾಮಾನ್ಯ ಖರ್ಚಿಗೆ ಮಾರಿದವರೊಡನೆ ಕೊಂಡವರೂ ಹೊಣೆಯಾಗುತ್ತಾರೆ. ಅಸೋಸಿಯೇಷನ್ನಿನ ಸಭೆಗೆ ತಪ್ಪದೆ ಹೋಗಿರಿ. ಮನೆಯ ಗೃಹಿಣಿಯೂ ಹೋಗಲಿ. ನೀರು ಯಾವ ಹೊತ್ತಿಗೆ ನಿಲ್ಲುತ್ತದೆ, ಮೆಟ್ಟಿಲ ದೀಪ ಎಂದಿನಿಂದ ಉರಿಯುತ್ತಿಲ್ಲ ಎಂಬುದನ್ನು ಬಲ್ಲವಳು ಆಕೆಯೇ. ಆಕೆಯ ಮಾತಿಲ್ಲದ ಸಭೆಯಲ್ಲಿ ಲೆಕ್ಕ ಸರಿಹೋದೀತು, ಸಂಸಾರ ಸರಿಹೋಗದು.

ಹಿಂದೆ ಒಂದೇ ಬಾವಿಯ ನೀರು ಕುಡಿದವರು ಒಟ್ಟಾಗಿ ಅದರ ಹೂಳೆತ್ತುತ್ತಿದ್ದರು. ಇಂದಿನ ಸಂಪಿಗೂ ಆ ನ್ಯಾಯವೇ ಸಲ್ಲುತ್ತದೆ.