ನಲವತ್ತರ ಹೆಂಗಸಿಗೆ ಒಂದು ಗಂಟೆ

ಹೆಣ್ಣಿಗೆ ನಲವತ್ತು ತುಂಬಿತೆಂದರೆ ನಮ್ಮ ಸಮಾಜ ಅವಳ ಲೆಕ್ಕವನ್ನು ಮುಗಿಸಿಬಿಡುತ್ತದೆ. ಮಕ್ಕಳ ಮದುವೆ, ಮಗಳ ಬಾಣಂತನ, ಮಂಡಿನೋವಿಗೆ ಎಣ್ಣೆ, ಇಷ್ಟೇ ಅವಳ ಮುಂದಿನ ದಾರಿಯೆಂದು ಗಂಡಸರು ಹೇಳುತ್ತಾರೆ, ಹೆಂಗಸರು ನಂಬುತ್ತಾರೆ. ಈ ಲೆಕ್ಕ ತಪ್ಪೆಂಬುದಕ್ಕೆ ದೂರದ ಓಟದ ಚರಿತ್ರೆಯಲ್ಲಿ ಸಾಕ್ಷಿಯಿದೆ.

ಬ್ರಿಟನ್ನಿನ ಪ್ರಿಸಿಲಾ ವೆಲ್ಚ್ ದಿನಕ್ಕೊಂದು ಪ್ಯಾಕೆಟ್ ಸಿಗರೇಟು ಸೇದುತ್ತಿದ್ದವರು. ಮೂವತ್ತೈದರ ಸುಮಾರಿಗೆ, ಗಂಡ ಡೇವ್ ಹುರಿದುಂಬಿಸಿದ ಮೇಲೆ, ಓಡತೊಡಗಿದರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ, ಅಂದರೆ 42 ಕಿಲೋಮೀಟರಿಗೂ ಮಿಕ್ಕಿದ ಓಟದಲ್ಲಿ, 39ರ ಈ ಹೆಂಗಸು ಆರನೆಯವರಾದರು. 1987ರಲ್ಲಿ ಲಂಡನ್ನಿನ ಓಟವನ್ನು 2 ಗಂಟೆ 26 ನಿಮಿಷ 51 ಸೆಕೆಂಡಿನಲ್ಲಿ ಮುಗಿಸಿದರು. ಅದೇ ವರ್ಷ, 42ರ ವಯಸ್ಸಿನಲ್ಲಿ, ನ್ಯೂಯಾರ್ಕಿನ ಓಟವನ್ನು ಗೆದ್ದರು. ಅವರಿಗಿಂತ ಮೊದಲು ಅದೇ ಊರಿನಲ್ಲಿ, ಮೂವತ್ತು ದಾಟಿದ ಮೇಲೆ ಓಟಕ್ಕಿಳಿದ ಮಿಕಿ ಗೋರ್ಮನ್, 1976 ಮತ್ತು 1977ರಲ್ಲಿ, ತಮ್ಮ 41 ಮತ್ತು 42ನೆಯ ವಯಸ್ಸಿನಲ್ಲಿ ಗೆದ್ದಿದ್ದರು. ತಮ್ಮ ಮೈಯಲ್ಲಿ ಇಂಥ ಕಸುವಿದೆಯೆಂದು ಇಪ್ಪತ್ತರಲ್ಲಿ ಇಬ್ಬರಿಗೂ ಗೊತ್ತಿರಲಿಲ್ಲ. ಓಡಿದ ಮೇಲೆ ಗೊತ್ತಾಯಿತು.

ಹಾಗಾದರೆ ಲೋಕಕ್ಕೆ ಇದು ಇಷ್ಟು ತಡವಾಗಿ ತಿಳಿದದ್ದೇಕೆ? ತಡೆದದ್ದು ಹೆಣ್ಣಿನ ಮೈಯಲ್ಲ, ಗಂಡಸರ ಅಪ್ಪಣೆ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸಿನಲ್ಲಿ ಹೆಂಗಸರು 800 ಮೀಟರ್ ಓಡಿದರು. ಕೊನೆಯ ಸುತ್ತಿನಲ್ಲಿದ್ದ ಒಂಬತ್ತು ಮಂದಿಯೂ ಓಟ ಮುಗಿಸಿದರು. ಆದರೂ ಅರ್ಧಕ್ಕೇ ಬಿಟ್ಟರು, ಕುಸಿದು ಬಿದ್ದರು ಎಂದು ಪತ್ರಿಕೆಗಳು ಬರೆದವು. ಆ ಓಟವನ್ನು ತೆಗೆದುಹಾಕಿದರು. ಅದು ಮರಳಿದ್ದು 1960ರಲ್ಲಿ, 32 ವರ್ಷಗಳ ನಂತರ. 1967ರಲ್ಲಿ ಬೋಸ್ಟನ್ನಿನ ಓಟದಲ್ಲಿ ಕ್ಯಾಥರೀನ್ ಸ್ವಿಟ್ಜರ್ ಅವರ ಎದೆಯ ಮೇಲಿನ ನಂಬರು ಚೀಟಿಯನ್ನು ಕಿತ್ತುಕೊಳ್ಳಲು ಅಧಿಕಾರಿಯೊಬ್ಬರು ರಸ್ತೆಯಲ್ಲೇ ಕೈಹಾಕಿದರು. ಆಕೆ ನಿಲ್ಲದೆ ಓಡಿ ಮುಗಿಸಿದರು. ಗಂಡಸರ ಮ್ಯಾರಥಾನ್ ಒಲಿಂಪಿಕ್ಸಿನಲ್ಲಿ ಆರಂಭವಾದದ್ದು 1896ರಲ್ಲಿ. ಹೆಂಗಸರು ಅದಕ್ಕಾಗಿ 88 ವರ್ಷ ಕಾಯಬೇಕಾಯಿತು.

ಇದೆಲ್ಲ ಉಳ್ಳವರ ಶೋಕಿ, ನಮಗೇಕೆ ಎಂದು ಕಾರ್ಮಿಕ ಬಂಧುಗಳು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಇಂದು ಕಂಪನಿಗಳು ಓಟವನ್ನೂ ಸರಕು ಮಾಡಿವೆ. ಸಾವಿರಾರು ರೂಪಾಯಿಯ ಬೂಟು, ಪ್ರವೇಶ ಶುಲ್ಕ, ಬಣ್ಣದ ಅಂಗಿ ಎಲ್ಲವೂ ಮಾರಾಟಕ್ಕಿವೆ. ಆದರೆ ಬಡವರ ಮನೆಯ ಹೆಂಗಸಿಗೆ ಬೂಟಿಗಿಂತ ದೊಡ್ಡ ಕೊರತೆ ಇನ್ನೊಂದಿದೆ. ಅದು ಹೊತ್ತು. ಗಿರಣಿಯಲ್ಲಿ ದುಡಿಯುವವನಿಗೆ ಪಾಳಿ ಮುಗಿಯುತ್ತದೆ. 1948ರ ಕಾರ್ಖಾನೆ ಕಾನೂನು ವಾರಕ್ಕೆ 48 ಗಂಟೆಯ ಮಿತಿ ಹಾಕಿತು, ಅದಕ್ಕಾಗಿ ಕಾರ್ಮಿಕರು ಹೋರಾಡಿದ್ದರು. ಮನೆಯ ಪಾಳಿಗೆ ಮಿತಿ ಹಾಕಿದ ಕಾನೂನು ಯಾವುದು? ಅಂಗಡಿಯ ಗಲ್ಲಾದ ಮೇಲೆ ಗಂಡನಿಗೆ ಊಟಕ್ಕೆ ಕೂರಲು ಬಿಡುವುಂಟು, ಆ ಹೊತ್ತಿನಲ್ಲಿ ಗಲ್ಲಾ ನೋಡಿಕೊಳ್ಳುವ ಹೆಂಡತಿಗೆ ಬಿಡುವೆಲ್ಲಿ?

ತನ್ನನ್ನು ತಾನು ಕಂಡುಕೊಳ್ಳುವುದೆಂಬ ಮಾತು ವೇದಾಂತಿಗಳಿಗೆ ಮಾತ್ರ ಸೇರಿದ್ದಲ್ಲ. ಯಾರ ಹಂಗೂ ಇಲ್ಲದೆ, ಯಾರ ಕೂಗಿಗೂ ಓಗೊಡದೆ, ದಿನಕ್ಕೆ ಒಂದು ಗಂಟೆ ತನ್ನ ಉಸಿರನ್ನು ತಾನೇ ಕೇಳಿಸಿಕೊಂಡ ಹೆಂಗಸಿಗೆ, ತಾನು ತಾಯಿ, ಹೆಂಡತಿ, ಸೊಸೆ ಮಾತ್ರವಲ್ಲವೆಂಬುದು ಹೊಳೆಯುತ್ತದೆ. ಆ ಗಂಟೆ ದಾನವಲ್ಲ, ಅವಳ ದುಡಿಮೆಯ ಬಾಕಿ.

ಆದ್ದರಿಂದ ನಮ್ಮ ಬೇಡಿಕೆ ಎರಡು. ಮೊದಲನೆಯದು ಪುರಸಭೆಗೆ. ಊರಿನ ಆಟದ ಮೈದಾನವನ್ನು ಬೆಳಗಿನ ಜಾವ ಹೆಂಗಸರಿಗೆ ತೆರೆಯಲಿ, ಅಲ್ಲಿಗೆ ಹೋಗುವ ಬೀದಿಯ ದೀಪಗಳು ಉರಿಯಲಿ. ಎರಡನೆಯದು ನಮಗೇ. ಆ ಹೊತ್ತಿಗೆ ಒಲೆ ಹಚ್ಚುವವರು, ಮಕ್ಕಳನ್ನು ಎಬ್ಬಿಸುವವರು ಗಂಡಸರಾಗಲಿ. ಹೆಂಗಸರು ಮೊದಲ ದಿನವೇ ಓಡಬೇಕಿಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇದ್ದವರು ವೈದ್ಯರನ್ನು ಕೇಳಿಯೇ ಹೊರಡಲಿ. ನಡೆದು ನಡೆದು, ಮೈ ಒಗ್ಗಿದ ಮೇಲೆ ಓಡಲಿ.

ಸಮಾನತೆಯ ಮಾತನ್ನು ವೇದಿಕೆಯ ಮೇಲೆ ಆಡುವುದು ಸುಲಭ. ಬೆಳಿಗ್ಗೆ ಐದಕ್ಕೆ ಎದ್ದು ಚಹಾ ಕಾಯಿಸುವುದರಿಂದ ಅದನ್ನು ಆರಂಭಿಸೋಣ.